ನನ್ನ ಕರುಳಿನಲ್ಲಿ ಷಡ್ಡಕ

ನನಗೆ ಷಡ್ಡಕನನ್ನು ಕಂಡರೆ ಹೊಟ್ಟೆಕಿಚ್ಚು ಎಂದು ನನ್ನ ಹೆಂಡತಿ ಮದುವೆಯಾದ ಹೊಸದರಿಂದಲೂ ಹೇಳುತ್ತ ಬಂದಿದ್ದಾಳೆ. ನಾನು ಒಂದು ದಿನವೂ ಒಪ್ಪಿರಲಿಲ್ಲ. ಕಳೆದ ವರ್ಷ ಆಸ್ಪತ್ರೆಯಲ್ಲಿ ನನ್ನ ದೊಡ್ಡ ಕರುಳಿನೊಳಕ್ಕೆ ಕ್ಯಾಮೆರಾ ಇಳಿಸಿ ನೋಡಿದ ಡಾಕ್ಟರಮ್ಮ, ಒಳಗೆಲ್ಲ ಉರಿಯೂತ, ಗೋಡೆ ಕೆಂಪಗೆ ಹುಣ್ಣಾಗಿದೆ ಎಂದು ಬಣ್ಣದ ಚಿತ್ರ ಸಮೇತ ತೋರಿಸಿದರು. ಹೆಂಡತಿ ಆ ಚಿತ್ರವನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿ, ‘ನಾನು ಹೇಳಿರಲಿಲ್ವಾ?’ ಎಂದಳು.

ಷಡ್ಡಕ ಎಂದರೆ ಹೆಂಡತಿಯ ಅಕ್ಕನ ಗಂಡ. (ಇದನ್ನು ವಿವರಿಸಿ ಹೇಳಬೇಕಾದ ಓದುಗರು ಪುಣ್ಯವಂತರು.) ಇಬ್ಬರು ಹೆಣ್ಣುಮಕ್ಕಳಿರುವ ಮನೆಗೆ ಅಳಿಯನಾಗಿ ಹೋಗುವ ತರುಣರಿಗೆ ನನ್ನದೊಂದೇ ಹಿತವಚನ, ಹೋಗುವುದಾದರೆ ಹಿರಿಯ ಅಳಿಯನಾಗಿ ಹೋಗಿ. ಕಿರಿಯ ಅಳಿಯ ಎಂಬುವನು ಹೋಲಿಕೆಗೆಂದೇ ಹುಟ್ಟಿದ ಪ್ರಾಣಿ. ನನ್ನ ಷಡ್ಡಕ ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರ್. ಅಂಗಡಿಯವರ ತಕ್ಕಡಿ ಸರಿಯಿದೆಯೇ ಎಂದು ಪರೀಕ್ಷಿಸಿ ಸೀಲು ಹಾಕುವುದು ಅವನ ಉದ್ಯೋಗ. (ಎದುರಿಗೆ ‘ಭಾವ, ನೀವು’ ಎನ್ನುತ್ತೇನೆ. ಬರವಣಿಗೆಯಲ್ಲಾದರೂ ಏಕವಚನದ ಸುಖ ನನಗಿರಲಿ.) ನಮ್ಮ ಮನೆಗೆ ಬಂದರೆ ನೀರು ಕುಡಿಯುವ ಮೊದಲು ಅಡುಗೆಮನೆಯ ತಕ್ಕಡಿಯ ಕಿವಿ ಹಿಂಡುತ್ತಾನೆ. ಸೂರ್ಯನಿಗಿಂತ ಮೊದಲು ಏಳುತ್ತಾನೆ. ಅವನು ಮಡಚಿಟ್ಟ ಹೊದಿಕೆಯ ಅಂಚಿನಿಂದ ಕೈ ಕುಯ್ದುಕೊಳ್ಳಬಹುದು. ಅವನು ಸ್ನಾನ ಮಾಡಿ ಬಂದ ಬಚ್ಚಲು ಸ್ನಾನಕ್ಕೆ ಮೊದಲು ಇದ್ದದ್ದಕ್ಕಿಂತ ಹೆಚ್ಚು ಒಣಗಿರುತ್ತದೆ. ಅವನಿಗೆ ನೆಗಡಿ ಬಂದದ್ದನ್ನು ಕಂಡವರಿಲ್ಲ.

ನನ್ನ ವಿಷಯಕ್ಕೆ ಬರೋಣ. ನಾನು ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುವ ಮಾಸ್ತರ. ಈ ಕಾಯಿಲೆ ಅಂಟಿಕೊಂಡ ಮೇಲೆ ನನ್ನ ಪಾಠಕ್ರಮವೇ ಬದಲಾಗಿಹೋಗಿತ್ತು. ಹೊಟ್ಟೆ ಯಾವ ಘಳಿಗೆಯಲ್ಲಿ ಸಮನ್ಸ್ ಜಾರಿ ಮಾಡುತ್ತದೆಯೋ ಗೊತ್ತಿಲ್ಲದ್ದರಿಂದ ಶೌಚಾಲಯವಿರುವ ಬೀದಿಗಳಲ್ಲಿ ಮಾತ್ರ ಕಲಿಸುತ್ತಿದ್ದೆ. ನನ್ನ ಶಿಷ್ಯರೆಲ್ಲ ಪೆಟ್ರೋಲ್ ಬಂಕು, ಗ್ರಂಥಾಲಯ, ರೈಲು ನಿಲ್ದಾಣ ಇವುಗಳ ಮುಂದೆ ಕಾರು ನಿಲ್ಲಿಸುವುದರಲ್ಲಿ ನಿಸ್ಸೀಮರು. ಹೆದ್ದಾರಿ ಕಂಡರೆ ಮಾತ್ರ ಗಡಗಡ ನಡುಗುತ್ತಿದ್ದರು, ಏಕೆಂದರೆ ಅವರನ್ನು ನಾನು ಅಲ್ಲಿಗೆ ಕರೆದುಕೊಂಡು ಹೋಗಿಯೇ ಇರಲಿಲ್ಲ.

ಹಾಗಿದ್ದೂ ಒಂದು ದಿನ ದೊಡ್ಡ ವೃತ್ತದ ನಟ್ಟನಡುವೆ ಹೊಟ್ಟೆ ತಿರುಚಿತು. ಸ್ಟಿಯರಿಂಗ್ ಹಿಡಿದು ಕೂತಿದ್ದವರು ಟೈಲರಮ್ಮ, ಹೊಲಿಗೆಯಂಗಡಿ ನಡೆಸುವ ದಿಟ್ಟ ಹೆಂಗಸು. ‘ಬ್ರೇಕ್ ಮೇಲೆ ಕಾಲಿಟ್ಟು ಕೂತಿರಿ, ಈಗ ಬಂದೆ’ ಎಂದು ಹೇಳಿ ಬಾಗಿಲು ತೆಗೆದು ಓಡಿದೆ. ನಾನು ವಾಪಸು ಬಂದಾಗ ಅವರು ಬ್ರೇಕ್ ಮೇಲಿಂದ ಕಾಲು ತೆಗೆದಿರಲಿಲ್ಲ. ಅವರ ಹಿಂದೆ ಊರಿನ ಅರ್ಧ ವಾಹನಗಳು ಹಾರ್ನ್ ಒತ್ತುತ್ತ ನಿಂತಿದ್ದವು. ಸಂಜೆ ಸ್ಕೂಲಿನ ಮಾಲೀಕರು ನನ್ನನ್ನು ಕರೆದು ಮೆಲ್ಲಗೆ ಹೇಳಿದರು, ‘ಇನ್ನೊಂದು ಸಲ ಹೀಗಾದ್ರೆ ನಿಮ್ಮನ್ನ ಕಾರಿಂದ ಇಳಿಸಿ ಕೌಂಟರಲ್ಲಿ ಕೂರಿಸಬೇಕಾಗುತ್ತೆ ಮಾಸ್ಟ್ರೇ.’

ನನಗೆ ಅಳು ಬಂದಿತು. ಕಾರು ಕಲಿಸುವುದು ಬಿಟ್ಟು ನನಗೆ ಬೇರೇನೂ ಬರುವುದಿಲ್ಲ, ಬೇರೇನೂ ಬೇಕಾಗಿಯೂ ಇಲ್ಲ. ರಕ್ತ ಹೋಗುವುದು, ನೋವು, ಸುಸ್ತು, ಇವನ್ನೆಲ್ಲ ಹಲ್ಲು ಕಚ್ಚಿ ತಡೆದುಕೊಂಡಿದ್ದೆ. ಆದರೆ ನಾಚಿಕೆಯನ್ನು ತಡೆದುಕೊಳ್ಳಲು ಆಗುತ್ತಿರಲಿಲ್ಲ. ಹೆಂಡತಿ ಒಂದು ಮಾತೂ ಆಡದೆ ನನ್ನ ಚೀಲದಲ್ಲಿ ದಿನವೂ ಒಂದು ಒಗೆದ ಪ್ಯಾಂಟು ಇಡುತ್ತಿದ್ದಳು. ದಿನವಿಡೀ ನನ್ನನ್ನು ಬೈಯುವ ಹೆಂಗಸು ಈ ಒಂದು ವಿಷಯದಲ್ಲಿ ಮಾತ್ರ ಬಾಯಿ ಬಿಡುತ್ತಿರಲಿಲ್ಲ. ಅದೇ ನನ್ನನ್ನು ಹೆಚ್ಚು ಹೆದರಿಸಿತ್ತು.

ಮರುದಿನವೇ ಇಬ್ಬರೂ ಡಾಕ್ಟರಮ್ಮನ ಮುಂದೆ ಹೋಗಿ ಕೂತೆವು.

‘ನಮ್ಮ ಕರುಳಲ್ಲಿ ಕೋಟಿಗಟ್ಟಲೆ ಬ್ಯಾಕ್ಟೀರಿಯಾ ಇರ್ತವೆ, ನೂರಾರು ಬಗೆ’ ಎಂದರು ಡಾಕ್ಟರಮ್ಮ. ‘ಎಲ್ಲಾ ಶತ್ರುಗಳಲ್ಲ. ನಾವು ತಿಂದ ನಾರಿನಂಶನ ಅರಗಿಸಿ ಕರುಳಿನ ಗೋಡೆಗೆ ಆಹಾರ ಮಾಡಿಕೊಡೋ ಒಳ್ಳೆಯವೂ ಇರ್ತವೆ. ನಿಮ್ಮವರಲ್ಲಿ ಆ ಒಳ್ಳೆಯವು ಕಮ್ಮಿ ಆಗಿವೆ.’

‘ಒಳ್ಳೇದು ಇವರಲ್ಲಿ ಮೊದಲಿಂದ್ಲೂ ಸ್ವಲ್ಪ ಕಮ್ಮಿನೇ ಡಾಕ್ಟ್ರೇ’ ಎಂದಳು ನನ್ನವಳು.

‘ಗೋಡೆ ಮೇಲೆ ಒಂದು ಲೋಳೆ ಪದರ ಇರುತ್ತೆ. ಅದು ತೆಳುವಾದ್ರೆ ಬ್ಯಾಕ್ಟೀರಿಯಾ ಗೋಡೆ ಹತ್ರಕ್ಕೇ ಬಂದುಬಿಡ್ತವೆ. ಮೈಯೊಳಗಿನ ಕಾವಲು ಪಡೆ ಗಾಬರಿಬಿದ್ದು ಕಂಡಕಂಡವರ ಮೇಲೆ ಲಾಠಿ ಬೀಸೋಕೆ ಶುರುಮಾಡುತ್ತೆ. ಏಟು ಬೀಳೋದು ಇವರ ಕರುಳಿಗೆ.’

‘ಬ್ಯಾಕ್ಟೀರಿಯಾ ಕೆಟ್ಟಿದ್ದಕ್ಕೆ ಕಾಯಿಲೆ ಬಂತೋ, ಕಾಯಿಲೆ ಬಂದಿದ್ದಕ್ಕೆ ಬ್ಯಾಕ್ಟೀರಿಯಾ ಕೆಟ್ಟವೋ?’ ಎಂದು ಕೇಳಿದೆ.

‘ಅದು ಇನ್ನೂ ಯಾರಿಗೂ ಪೂರ್ತಿ ಗೊತ್ತಿಲ್ಲ.’

ನನಗೆ ತಕ್ಷಣ ಅರ್ಥವಾಯಿತು. ಎರಡು ಕಾರು ಗುದ್ದಿಕೊಂಡಾಗ ಇಬ್ಬರು ಚಾಲಕರೂ ಕೆಳಗಿಳಿದು ವಾದಿಸುವುದು ಇದನ್ನೇ.

ಆಸ್ಪತ್ರೆಯಲ್ಲಿ ಒಂದು ಪ್ರಯೋಗ ನಡೆಯುತ್ತಿದೆ ಎಂದರು ಡಾಕ್ಟರಮ್ಮ. ಈಗ ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಜೊತೆಗೆ, ಒಬ್ಬ ಗಟ್ಟಿಮುಟ್ಟಾದ ಮನುಷ್ಯನ ಮಲವನ್ನು ಸೋಸಿ, ಅದರಲ್ಲಿರುವ ಬ್ಯಾಕ್ಟೀರಿಯಾವನ್ನು ರೋಗಿಯ ಕರುಳಿಗೆ ಸೇರಿಸುವುದು. ಎರಡು ತಿಂಗಳು ನಡೆಯುತ್ತದೆ. ಗೋಡೆಯ ಮೇಲಿದ್ದ ಕರುಳಿನ ಚಿತ್ರವನ್ನು ನಾವಿಬ್ಬರೂ ಗೌರವದಿಂದ ನೋಡತೊಡಗಿದೆವು.

‘ಯಾವ ಕಡೆಯಿಂದ ಸೇರಿಸ್ತೀರಿ?’ ಎಂದೆ.

‘ಹಿಂದಿನಿಂದ.’

‘ರಿವರ್ಸು’ ಎಂದೆ. (ವೃತ್ತಿಯ ಅಭ್ಯಾಸ, ಬಾಯಿಗೆ ಬಂದುಬಿಡುತ್ತದೆ.)

ಗಟ್ಟಿಮುಟ್ಟಾದ ಮನುಷ್ಯ ಯಾರು ಎಂಬ ಪ್ರಶ್ನೆ ಬಂತು. ರಕ್ತ ಕೊಡುವುದಕ್ಕಿಂತ ಇದಕ್ಕೆ ಪರೀಕ್ಷೆ ಹೆಚ್ಚಂತೆ. ಹೆಂಡತಿ ತಾನೇ ಮುಂದೆ ಬಂದಳು. ಹಲ್ಲುನೋವಿಗೆಂದು ಈಚೆಗೆ ಆಂಟಿಬಯೋಟಿಕ್ ನುಂಗಿದ್ದಳಾದ್ದರಿಂದ ಅವಳ ಕರುಳಿನ ಪ್ರಜೆಗಳೂ ಚೆಲ್ಲಾಪಿಲ್ಲಿಯಾಗಿದ್ದಾರೆ ಎಂದು ಬಿಟ್ಟುಬಿಟ್ಟರು. ನನ್ನ ಸ್ವಂತ ಅಣ್ಣ ಪ್ರಶ್ನೆಗಳ ಮೊದಲ ಸುತ್ತಿನಲ್ಲೇ ಮುಗ್ಗರಿಸಿದ. ಆಗ ಹೆಂಡತಿಯ ಮುಖದಲ್ಲಿ ಒಂದು ಬೆಳಕು ಮೂಡಿತು. ಆ ಬೆಳಕು ನನಗೆ ಗೊತ್ತು.

‘ಬೇಡ’ ಎಂದೆ.

‘ನಾನಿನ್ನೂ ಬಾಯೇ ಬಿಟ್ಟಿಲ್ಲ.’

‘ಭಾವ ಅಂತೀಯ. ಬೇಡ. ಅದಕ್ಕಿಂತ ಸಾಯೋದು ವಾಸಿ.’

‘ಸಾಯೋಕೆ ಆಮೇಲೂ ಟೈಮಿದೆ. ಮೊದಲು ಫೋನ್ ಮಾಡಿ.’

ನಾನು ಮಾಡಲಿಲ್ಲ, ಅವಳೇ ಮಾಡಿದಳು. ವಿಷಯ ಕೇಳಿದ ಷಡ್ಡಕ ಫೋನನ್ನು ನನ್ನ ಕೈಗೆ ಕೊಡಿಸಿದ. ಆಮೇಲೆ ಫೋನಿನಲ್ಲಿ ಅವನ ಗಂಭೀರ ದನಿ ಕೇಳಿಸಿತು. ‘ನನಗೆ ಗೊತ್ತಿತ್ತಯ್ಯ, ಒಂದಲ್ಲ ಒಂದಿನ ನೀನು ಕೇಳೇ ಕೇಳ್ತೀಯ ಅಂತ.’ ಇದನ್ನು ಯಾರು, ಹೇಗೆ ಮೊದಲೇ ಊಹಿಸಲು ಸಾಧ್ಯ ಎಂದು ನಾನು ಇವತ್ತಿಗೂ ಯೋಚಿಸುತ್ತೇನೆ.

ಷಡ್ಡಕ ಎಲ್ಲ ಪರೀಕ್ಷೆಗಳಲ್ಲೂ ಪಾಸಾದ. ಬರಿಯ ಪಾಸಲ್ಲ, ಪ್ರಥಮ ದರ್ಜೆ. ಡಾಕ್ಟರಮ್ಮ ತಮ್ಮ ಕೋಣೆಯಿಂದ ಎದ್ದುಬಂದು ಅವನ ಕೈ ಕುಲುಕಿ, ‘ಇಷ್ಟೊಂದು ಬಗೆ ಒಂದೇ ಕರುಳಲ್ಲಿ ಸಿಗೋದು ಅಪರೂಪ ಸರ್’ ಎಂದರು. ಪ್ರಯೋಗಾಲಯದ ಹುಡುಗಿಯರು ಬಾಗಿಲ ಸಂದಿಯಿಂದ ಅವನನ್ನು ಇಣುಕಿ ನೋಡಿದರು. ಅವನು ಎದೆ ಉಬ್ಬಿಸಲಿಲ್ಲ. ಉಬ್ಬಿಸಬೇಕಾದ ಜಾಗ ಎದೆಯಲ್ಲವೆಂದು ಅವನಿಗೂ ತಿಳಿದಿತ್ತು.

ಆಗ ಡಾಕ್ಟರಮ್ಮ ಇನ್ನೊಂದು ಸಂಗತಿ ಹೇಳಿದರು. ಇದು ಪ್ರಯೋಗವಾದ್ದರಿಂದ, ಭಾಗವಹಿಸುವ ರೋಗಿಗಳಲ್ಲಿ ಅರ್ಧದಷ್ಟು ಜನಕ್ಕೆ ದಾನಿಯದ್ದನ್ನು ಕೊಡುತ್ತಾರೆ. ಎಲ್ಲ ರೋಗಿಗಳದ್ದನ್ನೂ ಮೊದಲೇ ತೆಗೆದಿಟ್ಟುಕೊಂಡು, ಉಳಿದವರಿಗೆ ಅವರವರದ್ದನ್ನೇ ಸೋಸಿ ಅವರಿಗೇ ವಾಪಸು ಕೊಡುತ್ತಾರೆ. ಬಣ್ಣ, ವಾಸನೆ, ಬಾಟಲಿ ಎಲ್ಲ ಒಂದೇ. ಯಾರಿಗೆ ಯಾವುದು ಎಂದು ಕಂಪ್ಯೂಟರು ಆರಿಸುತ್ತದೆ. ರೋಗಿಗಾಗಲಿ ನರ್ಸಿಗಾಗಲಿ ಸ್ವತಃ ಡಾಕ್ಟರಮ್ಮನಿಗಾಗಲಿ ಕೊನೆಯ ದಿನದವರೆಗೂ ಗೊತ್ತಾಗುವುದಿಲ್ಲ.

‘ಅಂದ್ರೆ ಭಾವನದ್ದು ಒಳಗೆ ಹೋದ್ರೂ ಹೋಗಬಹುದು, ಇವರದ್ದೇ ಒಂದು ಸುತ್ತು ಹಾಕ್ಕೊಂಡು ಮನೆಗೆ ಬಂದ್ರೂ ಬರಬಹುದು’ ಎಂದು ಹೆಂಡತಿ ವಿಜ್ಞಾನವನ್ನು ಒಂದೇ ವಾಕ್ಯದಲ್ಲಿ ಸಂಗ್ರಹಿಸಿದಳು.

ನನ್ನ ಧರ್ಮಸಂಕಟ ಶುರುವಾದದ್ದು ಇಲ್ಲಿಂದ. ಕಾಯಿಲೆ ವಾಸಿಯಾಗಬೇಕು, ನಾನು ಕಾರಿನಲ್ಲೇ ಉಳಿಯಬೇಕು ಎಂದರೆ ಒಳಗೆ ಬರಬೇಕಾದವನು ಷಡ್ಡಕ. ನನ್ನ ಮಾನ ಉಳಿಯಬೇಕು ಎಂದರೆ ಷಡ್ಡಕ ಬರಬಾರದು. ಬಾಯಲ್ಲಿ ‘ಭಾವನದ್ದೇ ಸಿಗಲಪ್ಪ’ ಎಂದೆ. ಮನಸ್ಸಿನಲ್ಲಿ ಏನೆಂದೆ ಎಂದು ನನ್ನನ್ನು ಕೇಳಬೇಡಿ.

ದಾನಿ ಆಸ್ಪತ್ರೆಗೆ ಹತ್ತಿರವಿರಬೇಕಾದ್ದರಿಂದ ಷಡ್ಡಕ ನಮ್ಮ ಮನೆಯಲ್ಲೇ ಠಿಕಾಣಿ ಹೂಡಿದ. ಕೆಲಸಕ್ಕೆ ಸೇರಿದಾಗಿನಿಂದ ಮುಟ್ಟದೆ ಕೂಡಿಟ್ಟ ರಜೆ ಅವನ ಬಳಿ ರಾಶಿ ಇತ್ತು. ‘ಅಕ್ಕ, ಎರಡು ತಿಂಗಳು ಭಾವನ್ನ ಬಿಟ್ಟಿರ್ತೀಯೇನೇ?’ ಎಂದು ಹೆಂಡತಿ ಸಂಕೋಚದಿಂದ ಕೇಳಿದ್ದಕ್ಕೆ ನಮ್ಮ ಅತ್ತಿಗೆ, ‘ಬೇಕಾದ್ರೆ ಇನ್ನೂ ಸ್ವಲ್ಪ ದಿನ ಇಟ್ಕೊಳ್ಳಿ’ ಎಂದರು. ಅವರ ದನಿಯಲ್ಲಿದ್ದ ಉತ್ಸಾಹವನ್ನು ನಾನು ಗಮನಿಸಿದೆ. ಹೆಂಡತಿ ಗಮನಿಸಲಿಲ್ಲ.

ನಮ್ಮ ಮನೆಗಿರುವುದು ಒಂದೇ ಶೌಚಾಲಯ. ಬೆಳಗಿನ ಹೊತ್ತು ಅದರೊಳಗೆ ಷಡ್ಡಕ ವಿಜ್ಞಾನದ ಸೇವೆಯಲ್ಲಿ ನಿರತನಾಗಿರುತ್ತಿದ್ದ. ಹೊರಗೆ ಅದೇ ವಿಜ್ಞಾನದ ಫಲಾನುಭವಿಯಾದ ನಾನು ಹೊಟ್ಟೆ ಹಿಡಿದುಕೊಂಡು ಬಾಗಿಲು ಬಡಿಯುತ್ತಿದ್ದೆ.

‘ಭಾವ, ಸ್ವಲ್ಪ ಬೇಗ.’

‘ಅವಸರ ಮಾಡಿದ್ರೆ ಗುಣಮಟ್ಟ ಕೆಡುತ್ತಯ್ಯ. ನಿನಗೋಸ್ಕರಾನೇ ತಾನೇ ಮಾಡ್ತಿರೋದು?’

ನಾನು ಮೆಟ್ಟಿಲಿಳಿದು ಕೆಳಮಹಡಿಯಲ್ಲಿದ್ದ ಹಲ್ಲಿನ ಡಾಕ್ಟರ ಕ್ಲಿನಿಕ್ಕಿಗೆ ಓಡುತ್ತಿದ್ದೆ. ಹಲ್ಲು ತೋರಿಸದೆ ನೇರ ಹಿಂದಿನ ಕೋಣೆಗೆ ನುಗ್ಗುವ ಗಿರಾಕಿಯನ್ನು ಅವರು ಮೊದಲ ವಾರ ವಿಚಿತ್ರವಾಗಿ ನೋಡಿದರು. ಎರಡನೆಯ ವಾರದಿಂದ ಬೀಗ ತೆಗೆದಿಟ್ಟಿರುತ್ತಿದ್ದರು.

ಷಡ್ಡಕ ಹೊರಬರುವಾಗ ಅವನ ಕೈಯಲ್ಲಿ ಆಸ್ಪತ್ರೆಯ ಡಬ್ಬಿ ಇರುತ್ತಿತ್ತು. ಅದನ್ನು ಅವನು ತನ್ನ ಇಲಾಖೆಯ ಕ್ರಮದಲ್ಲಿ ತೂಗಿ, ಅಂಟುಪಟ್ಟಿ ಹಾಕಿ ಮೊಹರು ಮಾಡಿ, ಐಸು ತುಂಬಿದ ಪೆಟ್ಟಿಗೆಯಲ್ಲಿಟ್ಟು, ಕಿರೀಟ ಹೊತ್ತವನಂತೆ ಮೆಲ್ಲಗೆ ಹೆಜ್ಜೆಯಿಡುತ್ತ ಆಸ್ಪತ್ರೆಗೆ ಹೊರಡುತ್ತಿದ್ದ. (ತೂಗಲು ಸ್ವಂತ ತಕ್ಕಡಿ ತಂದಿದ್ದ. ಅಡುಗೆಮನೆಯದ್ದನ್ನು ಮುಟ್ಟಿದರೆ ನನ್ನ ಹೆಂಡತಿ ಅವನನ್ನೇ ತೂಗಿಬಿಡುತ್ತಿದ್ದಳು.) ವಾಪಸು ಬಂದು ತಿಂಡಿಗೆ ಕೂತಾಗ, ‘ನಿನ್ನೆಗಿಂತ ಇವತ್ತು ತೂಕ ಚೆನ್ನಾಗಿತ್ತು’ ಎಂದು ಪ್ರಕಟಣೆ ಹೊರಡಿಸುತ್ತಿದ್ದ.

‘ಭಾವ, ತಿನ್ನೋ ಹೊತ್ತಲ್ಲಿ’ ಎಂದು ಹೆಂಡತಿ ಮೆತ್ತಗೆ ಹೇಳುತ್ತಿದ್ದಳು. ನಾನೇನಾದರೂ ಆ ಮಾತಾಡಿದ್ದರೆ ತಟ್ಟೆ ನನ್ನ ತಲೆಯ ಮೇಲಿರುತ್ತಿತ್ತು.

ಆದರೆ ಅದೆಲ್ಲ ಏನೂ ಅಲ್ಲ. ನನಗೆ ಆಸ್ಪತ್ರೆಯಲ್ಲಿ ಮೊದಲ ಬಾಟಲಿ ಏರಿಸಿದ (ಏರಿಸುವುದೋ ಇಳಿಸುವುದೋ, ನಿಮ್ಮ ಇಷ್ಟ) ಮರುದಿನದಿಂದ ಷಡ್ಡಕ ನನ್ನ ಮುಖ ನೋಡಿ ಮಾತಾಡುವುದನ್ನೇ ಬಿಟ್ಟ. ಹೊಟ್ಟೆ ನೋಡಿ ಮಾತಾಡತೊಡಗಿದ.

‘ನಮ್ಮವು ಹೇಗಿವೆಯಯ್ಯ?’

‘ಯಾರು ಭಾವ?’

‘ನಮ್ಮವು. ಹೊಂದಿಕೊಂಡವಾ? ಹೊಸ ಜಾಗ, ಪಾಪ.’

ಮಗಳನ್ನು ಕೊಟ್ಟ ಮನೆಗೆ ಬಂದ ತಂದೆ ಅಡುಗೆಮನೆಯತ್ತ ಕಣ್ಣು ಹಾಯಿಸುವ ಹಾಗೆ ಅವನು ನನ್ನ ಅಂಗಿಯ ಗುಂಡಿಗಳತ್ತ ನೋಡುತ್ತಿದ್ದ. ನಾನು ಎಣ್ಣೆಯಲ್ಲಿ ಕರಿದದ್ದಕ್ಕೆ ಕೈಚಾಚಿದರೆ, ‘ಬೇಡ, ನಮ್ಮವಕ್ಕೆ ಒಗ್ಗಲ್ಲ’ ಎನ್ನುತ್ತಿದ್ದ. ಊಟ ಹೊತ್ತು ಮೀರಿದರೆ, ‘ಪಾಪ, ಒಳಗೆ ಕಾಯ್ತಾ ಇರ್ತವೆ’ ಎಂದು ನಿಟ್ಟುಸಿರು ಬಿಡುತ್ತಿದ್ದ. ಒಮ್ಮೆ ನಾನು ಸೋಫಾದಲ್ಲಿ ಕಣ್ಣು ಮುಚ್ಚಿ ಮಲಗಿದ್ದಾಗ ಅವನು ಬಗ್ಗಿ, ನನ್ನ ಹೊಕ್ಕುಳಿನ ಕಡೆ ತಿರುಗಿ, ‘ಅಳುಕಬೇಡಿ, ನಾನು ಇಲ್ಲೇ ಇದೀನಿ’ ಎಂದದ್ದನ್ನು ನಾನು ಕಿವಿಯಾರೆ ಕೇಳಿದ್ದೇನೆ.

ಈಗ ನನ್ನ ಪತನದ ಕಥೆಗೆ ಬರುತ್ತೇನೆ.

ಒಂದು ಬೆಳಿಗ್ಗೆ, ಷಡ್ಡಕ ಮಡಚಿಟ್ಟ ಹೊದಿಕೆಯ ಪಕ್ಕದಲ್ಲಿ ನನ್ನದು ಮುದ್ದೆಯಾಗಿ ಬಿದ್ದಿರುವುದನ್ನು ನೋಡಿ ನನಗೇ ಒಂಥರಾ ಆಯಿತು. ಬರಿಯ ಹಟಕ್ಕೆ ನನ್ನದನ್ನೂ ಮಡಚಿದೆ, ಅವನದಕ್ಕಿಂತ ಚೆನ್ನಾಗಿ. ಹೆಂಡತಿ ಬಂದು ನೋಡಿ ಬಾಗಿಲಲ್ಲೇ ನಿಂತಳು. ಹೊಗಳುತ್ತಾಳೆಂದು ಕಾದೆ.

‘ಭಾವ, ಬನ್ನಿ ಇಲ್ಲಿ’ ಎಂದು ಕೂಗಿದಳು. ‘ನಿಮ್ಮವು ಕೆಲಸ ಶುರು ಮಾಡಿವೆ.’

‘ಇದು ನಾನು ಮಡಚಿದ್ದು’ ಎಂದೆ.

‘ಕೈ ನಿಮ್ಮದೇ ಇರಬಹುದು’ ಎಂದಳು.

ಷಡ್ಡಕ ಬಂದು ಹೊದಿಕೆಯ ಮೂಲೆಯನ್ನು ಬೆರಳಿನಿಂದ ಮುಟ್ಟಿ ನೋಡಿದ. ‘ನಮ್ಮವೇ’ ಎಂದು ತೃಪ್ತಿಯಿಂದ ತಲೆಯಾಡಿಸಿದ.

ನನಗೆ ಪಿತ್ತ ನೆತ್ತಿಗೇರಿತು. ಇದು ನನ್ನದೇ ಗುಣ ಎಂದು ಸಾಧಿಸಲೇಬೇಕೆಂದು ಹಟ ಹಿಡಿದೆ. ಆದರೆ ಸಾಧಿಸುವುದು ಹೇಗೆ? ಒಳ್ಳೆಯ ಕೆಲಸ ನನ್ನದೇ ಎಂದು ತೋರಿಸಲು ಇನ್ನಷ್ಟು ಒಳ್ಳೆಯ ಕೆಲಸ ಮಾಡಬೇಕಲ್ಲ. ಬಚ್ಚಲು ಉಜ್ಜಿದೆ. ‘ಭಾವನ ಥರಾನೇ ಉಜ್ಜಿದ್ದೀರಿ’ ಎಂದಳು. ಷಡ್ಡಕ ಜನ್ಮದಲ್ಲಿ ಮಾಡದ ಕೆಲಸ ಮಾಡುತ್ತೇನೆ ಎಂದು ಫ್ಯಾನಿನ ರೆಕ್ಕೆ ಒರೆಸಿದೆ, ಅಂಗಿಗಳಿಗೆ ಗುಂಡಿ ಹೊಲಿದೆ, ಬೆಳಗಿನ ಟೀ ಮಾಡಿದೆ, ಅವಳ ಡಬ್ಬಿಯಲ್ಲಿದ್ದ ಸೇಫ್ಟಿ ಪಿನ್ನುಗಳನ್ನು ಗಾತ್ರದ ಪ್ರಕಾರ ಜೋಡಿಸಿಟ್ಟೆ. ‘ನಿಮ್ಮಲ್ಲಿ ಬಂದು ಅವು ಇನ್ನೂ ಚೆನ್ನಾಗಿ ಬೆಳೀತಿವೆ ಕಣ್ರೀ, ಭಾವನಲ್ಲೂ ಇಷ್ಟು ಇರಲಿಲ್ಲ’ ಎಂದಳು. ನೆರೆಯವರ ಹತ್ತಿರ, ತವರಿನವರ ಹತ್ತಿರ, ಹಲ್ಲಿನ ಡಾಕ್ಟರ ಹತ್ತಿರ, ಎಲ್ಲರ ಹತ್ತಿರವೂ ನನ್ನ ಗುಣಗಾನ ನಡೆಯಿತು. ಹೆಸರು ಮಾತ್ರ ಷಡ್ಡಕನದು.

ದಾರಿ ಬದಲಿಸಿದೆ. ಒಂದು ಭಾನುವಾರ ಬೇಕೆಂದೇ ಹಾಸಿಗೆ ಬಿಟ್ಟು ಏಳಲಿಲ್ಲ. ಒದ್ದೆ ಟವೆಲನ್ನು ಕುರ್ಚಿಯ ಮೇಲೆ ಎಸೆದೆ. ಕುಡಿದ ಲೋಟವನ್ನು ಕುಡಿದಲ್ಲೇ ಬಿಟ್ಟೆ. ಕೇಳಿದ ಪ್ರಶ್ನೆಗೆಲ್ಲ ‘ಹ್ಞಾಂ?’ ಎಂದೆ. ಒಟ್ಟಿನಲ್ಲಿ ಮದುವೆಯಾದಂದಿನಿಂದ ನಾನು ಹೇಗಿದ್ದೆನೋ ಹಾಗಿದ್ದೆ. ಹೆಂಡತಿಗೆ ಸಿಟ್ಟು ಬರುತ್ತದೆ, ‘ನೀವು ಬದಲಾಗಿಯೇ ಇಲ್ಲ’ ಎನ್ನುತ್ತಾಳೆ, ಅಲ್ಲಿಗೆ ಷಡ್ಡಕನ ಆಳ್ವಿಕೆ ಮುಗಿಯುತ್ತದೆ ಎಂದುಕೊಂಡಿದ್ದೆ. ಅವಳು ಹಣೆ ಮುಟ್ಟಿ ನೋಡಿ, ‘ಭಾವ, ಹಳೇವು ತಿರುಗಿಬಿದ್ದಿವೆ ಅನ್ಸುತ್ತೆ’ ಎಂದಳು. ಷಡ್ಡಕ ಕುರ್ಚಿ ಎಳೆದುಕೊಂಡು ನನ್ನ ಪಕ್ಕ ಕೂತ. ‘ಹೆದರಬೇಡಮ್ಮ, ನಮ್ಮವು ಬಿಟ್ಟುಕೊಡಲ್ಲ’ ಎಂದು ಮಧ್ಯಾಹ್ನದವರೆಗೆ ಕಾವಲಿದ್ದ. ಮಲಗಿ ಮಲಗಿ ಬೇಸರವಾಗಿ ನಾನೇ ಎದ್ದು ಟವೆಲು ಒಣಗಿಸಿದೆ. ಇಬ್ಬರೂ ಚಪ್ಪಾಳೆ ತಟ್ಟಿದರು.

ಗೆದ್ದರೂ ಅವನೇ, ಸೋತರೂ ನಾನೇ. ಇಂಥ ಆಟ ಯಾರಾದರೂ ಆಡಿದ್ದಾರೆಯೇ?

ಈ ಗಲಾಟೆಯ ನಡುವೆ ಒಂದು ಸಂಗತಿಯನ್ನು ನಾನೇ ಗಮನಿಸಿರಲಿಲ್ಲ. ಹಲ್ಲಿನ ಡಾಕ್ಟರು ಒಂದು ದಿನ ಮೆಟ್ಟಿಲ ಬಳಿ ನನ್ನನ್ನು ತಡೆದು, ‘ಏನು ಸ್ವಾಮಿ, ಈಚೆಗೆ ಬರ್ತಾನೇ ಇಲ್ಲ, ಬೇಜಾರಾ?’ ಎಂದು ಕೇಳಿದರು. ಆಗ ಹೊಳೆಯಿತು. ಓಡುವುದು ನಿಂತಿತ್ತು. ರಕ್ತ ಕಾಣದೆ ದಿನಗಳೇ ಆಗಿದ್ದವು. ಚೀಲದಲ್ಲಿದ್ದ ಪ್ಯಾಂಟು ಮಡಿಕೆ ಬಿಚ್ಚದೆ ಹಾಗೇ ಇತ್ತು.

ಅವತ್ತು ಟೈಲರಮ್ಮನ ಪಾಠವಿತ್ತು. ‘ಬಲಕ್ಕೆ ತಗೊಳ್ಳಿ’ ಎಂದೆ.

‘ಸರ್, ಬಲಕ್ಕೆ ಹೋದ್ರೆ ಹೆದ್ದಾರಿ.’

‘ಗೊತ್ತು.’

ಅವರು ನನ್ನ ಮುಖ ನೋಡಿದರು, ಆಮೇಲೆ ನನ್ನ ಹೊಟ್ಟೆ ನೋಡಿದರು. (ಊರಿಗೆಲ್ಲ ಸುದ್ದಿ ಹೋಗಿತ್ತು.) ಕಾರು ಹೆದ್ದಾರಿಗೆ ಏರಿತು. ಎಡಕ್ಕೆ ಬಯಲು, ಬಲಕ್ಕೆ ಬಯಲು, ಕಣ್ಣು ಹಾಯುವವರೆಗೂ ಒಂದು ಶೌಚಾಲಯವಿಲ್ಲ. ಟೈಲರಮ್ಮ ನಡುಗುತ್ತಿದ್ದರು. ನಾನು ನಡುಗುತ್ತಿರಲಿ‌ಲ್ಲ. ಕಿಟಕಿಯ ಗಾಜು ಇಳಿಸಿ ಗಾಳಿಗೆ ಮುಖ ಕೊಟ್ಟೆ. ನನ್ನ ಕಣ್ಣಲ್ಲಿ ನೀರು ಬಂದದ್ದು ಗಾಳಿಯಿಂದಲ್ಲ. ‘ಸರ್, ಬ್ರೇಕ್ ಹಾಕ್ಲಾ?’ ಎಂದರು ಅವರು. ‘ಯಾಕೆ? ಹೋಗ್ತಾ ಇರಿ’ ಎಂದೆ. ಇಷ್ಟು ಸಂತೋಷ ನನಗೆ ಯಾವತ್ತೂ ಆಗಿರಲಿಲ್ಲ.

ಆ ಸಂತೋಷದಲ್ಲಿ ಒಂದೇ ಒಂದು ಮುಳ್ಳು ಎಂದರೆ ಷಡ್ಡಕ. ವಾಸಿಯಾಗಿದೆ ಎಂದ ಮೇಲೆ ಒಳಗಿರುವವನು ಅವನೇ ಎಂದು ಮನೆಯಲ್ಲಿ ತೀರ್ಮಾನವಾಗಿಬಿಟ್ಟಿತು. ಅವನು ನನ್ನ ಹೊಟ್ಟೆಯನ್ನು ನೋಡಿ ಸುಮ್ಮನೆ ಮುಗುಳ್ನಕ್ಕ. ಬೈದಿದ್ದರೂ ಸಹಿಸಬಹುದಿತ್ತು.

ಎರಡು ತಿಂಗಳು ಮುಗಿದ ಮೇಲೆ ಮತ್ತೆ ಕ್ಯಾಮೆರಾ ಇಳಿಸಿ ನೋಡಿದರು. ಡಾಕ್ಟರಮ್ಮನ ಕೋಣೆಯಲ್ಲಿ ನಾನು, ಹೆಂಡತಿ, ಷಡ್ಡಕ ಸಾಲಾಗಿ ಕೂತೆವು. ಷಡ್ಡಕ ಹೊಸ ಅಂಗಿ ತೊಟ್ಟಿದ್ದ.

‘ಹುಣ್ಣು ಬಹಳ ಮಟ್ಟಿಗೆ ಮಾಗಿದೆ, ಉರಿಯೂತ ಇಳಿದಿದೆ’ ಎಂದರು ಡಾಕ್ಟರಮ್ಮ. ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡು, ಯಾರೂ ನೋಡದಂತೆ ನನ್ನ ಕೈ ಹಿಡಿದು ಬಿಟ್ಟಳು. ಆಮೇಲೆ ಡಾಕ್ಟರಮ್ಮ ಕಂಪ್ಯೂಟರಿನ ಕಡೆ ತಿರುಗಿದರು. ‘ನಿಮಗೆ ಯಾವುದು ಬಂದಿತ್ತು ಅಂತ ಇವತ್ತು ಹೇಳಬಹುದು.’

ಷಡ್ಡಕ ಬೆನ್ನು ನೆಟ್ಟಗೆ ಮಾಡಿಕೊಂಡ.

‘ನಿಮಗೆ ಕೊಟ್ಟಿದ್ದು ನಿಮ್ಮದೇ’ ಎಂದರು.

ಒಂದು ಕ್ಷಣ ನನಗೆ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಕುರ್ಚಿಯಲ್ಲಿ ಕೂತಿರಲು ಆಗಲಿಲ್ಲ. ಎದ್ದು ನಿಂತೆ.

‘ಮತ್ತೆ ವಾಸಿಯಾಗಿದ್ದು ಹೇಗೆ ಡಾಕ್ಟ್ರೇ?’ ಎಂದು ಹೆಂಡತಿ ಕೇಳಿದಳು.

‘ಮಾತ್ರೆ ತಗೊಳ್ತಾನೇ ಇದ್ರು. ಹೊತ್ತಿಗೆ ಸರಿಯಾಗಿ ಊಟ ಮಾಡಿದಾರೆ, ನಿದ್ದೆ ಮಾಡಿದಾರೆ. ಈ ಕಾಯಿಲೆ ಕೆಲವು ಸಲ ತಾನಾಗೇ ಇಳಿಯುತ್ತೆ, ಮತ್ತೆ ಏರಲೂಬಹುದು. ಒಬ್ಬರನ್ನ ನೋಡಿ ಏನೂ ಹೇಳೋಕಾಗಲ್ಲಮ್ಮ, ಅದಕ್ಕೇ ಈ ಪ್ರಯೋಗ.’

‘ಹಾಗಾದ್ರೆ ನಮ್ಮವು ಎಲ್ಲಿ?’ ಎಂದ ಷಡ್ಡಕ. ಅವನ ದನಿ ಇಳಿದಿತ್ತು.

‘ಫ್ರೀಜರಲ್ಲಿ ಭದ್ರವಾಗಿವೆ ಸರ್.’

‘ಅಷ್ಟು ಚಳೀಲಾ?’ ಎಂದು ಕರ್ಚೀಫು ತೆಗೆದ.

ಅವನನ್ನು ನೋಡಿ ಅಯ್ಯೋ ಅನ್ನಿಸಿತು. ಆದರೆ ಎರಡು ತಿಂಗಳಿನಿಂದ ಒಳಗೆ ಕಟ್ಟಿಟ್ಟುಕೊಂಡದ್ದು ಹೊರಗೆ ಬರಲೇಬೇಕಾಗಿತ್ತು.

‘ಕೇಳಿದ್ರಾ ಎಲ್ಲರೂ?’ ಎಂದೆ. ‘ನನ್ನದು. ಅಪ್ಪಟ ನನ್ನದು. ಹೊದಿಕೆ ಮಡಚಿದ್ದು ನಾನು. ಬಚ್ಚಲು ಉಜ್ಜಿದ್ದು ನಾನು. ಫ್ಯಾನು, ಗುಂಡಿ, ಪಿನ್ನು, ಬೆಳಗಿನ ಟೀ, ಎಲ್ಲಾ ನಾನು. ಹೊರಗಿನ ಒಂದು ಹುಳದ ಸಹಾಯವೂ ಇದರಲ್ಲಿಲ್ಲ. ಕಂಪ್ಯೂಟರೇ ಸಾಕ್ಷಿ. ಇನ್ನು ಮುಂದೆ ಯಾರೂ ನನ್ನ ಸದ್ಗುಣವನ್ನ ಬೇರೆಯವರ ಕರುಳಿಗೆ ಸೇರಿಸಕೂಡದು.’

ಭಾಷಣ ಮುಗಿಸಿ ಹೆಂಡತಿಯ ಕಡೆ ನೋಡಿದೆ. ಅವಳು ಸೋತ ಮುಖ ಮಾಡಿಕೊಂಡಿರುತ್ತಾಳೆ ಎಂದುಕೊಂಡಿದ್ದೆ. ಹಾಗೇನೂ ಇರಲಿಲ್ಲ. ಅವಳು ಏನೋ ಲೆಕ್ಕ ಹಾಕುತ್ತಿದ್ದಳು.

‘ಡಾಕ್ಟ್ರೇ, ಈ ಬಚ್ಚಲು ಉಜ್ಜೋದು ಗಿಜ್ಜೋದು ಬ್ಯಾಕ್ಟೀರಿಯಾದಿಂದ ಬರೋದಲ್ವಾ?’

‘ಬಚ್ಚಲಿಗೂ ಅದಕ್ಕೂ ಏನು ಸಂಬಂಧಮ್ಮ?’

‘ಅಂದ್ರೆ ಇದೆಲ್ಲ ಇವರಿಗೆ ಮೊದಲಿಂದ್ಲೂ ಬರ್ತಿತ್ತು.’

ಡಾಕ್ಟರಮ್ಮ ನನ್ನನ್ನು ನೋಡಿದರು. ‘ಬರ್ತಿತ್ತು ಅಂತಾನೇ ಈಗ ಅವರೇ ಹೇಳಿದ್ರಲ್ಲ’ ಎಂದರು.

ನಾನು ನಿಧಾನವಾಗಿ ಕೂತೆ.

‘ಇಷ್ಟು ವರ್ಷ ಇವರ ಕೈಲಿ ಆಗೋದೇ ಇಲ್ಲವೇನೋ ಅಂದ್ಕೊಂಡು ಸುಮ್ಮನಿದ್ದೆ’ ಎಂದಳು ಹೆಂಡತಿ. ಅವಳಿಗೆ ಸಿಟ್ಟು ಬಂದಿರಲಿಲ್ಲ. ನನ್ನನ್ನು ನೋಡಿ ಪ್ರೀತಿಯಿಂದ ನಗುತ್ತಿದ್ದಳು, ಮನೆಯಲ್ಲೇ ಬಿದ್ದಿದ್ದ ಒಳ್ಳೆಯ ಪಾತ್ರೆಯೊಂದು ಅಟ್ಟ ಗುಡಿಸುವಾಗ ಸಿಕ್ಕವಳ ಹಾಗೆ.

ನಾನು ಡಾಕ್ಟರಮ್ಮನ ಮೇಜಿನ ಮೇಲೆ ಬಗ್ಗಿ ಪಿಸುದನಿಯಲ್ಲಿ ಕೇಳಿದೆ, ‘ಆ ಫ್ರೀಜರಲ್ಲಿರೋ ಭಾವನದ್ದನ್ನ ಈಗ ನನಗೆ ಹಾಕೋಕೆ ಬರುತ್ತಾ?’

‘ನೀವು ಆರಾಮಾಗಿದೀರಲ್ಲ, ನಿಮಗೆ ಅದರ ಅಗತ್ಯವೇ ಇಲ್ಲ.’

‘ಅಗತ್ಯ ಇದೆ ಡಾಕ್ಟ್ರೇ. ಬಹಳ ಇದೆ.’

‘ಏನು ತೊಂದರೆ ಆಗ್ತಿದೆ, ಹೇಳಿ.’

ಹೇಳುವುದಕ್ಕೆ ಬಾಯಿ ತೆರೆದೆ. ಪಕ್ಕದಲ್ಲಿ ಹೆಂಡತಿ ಆಗಲೇ ಅತ್ತಿಗೆಗೆ ಫೋನ್ ಹಚ್ಚಿದ್ದಳು.

‘ಅಕ್ಕಾ, ಭಾವನದ್ದಲ್ವಂತೆ ಕಣೇ, ಇವರದ್ದೇ ಅಂತೆ. ಹೂಂ, ಎಲ್ಲಾನೂ. ಇಲ್ಲ, ಡಾಕ್ಟ್ರ ಮುಂದೇನೇ ಒಪ್ಪಿಕೊಂಡ್ರು. ಇವತ್ತು ಸಂಜೆ ಅಡುಗೆನೂ ಬರುತ್ತೇನೋ ನೋಡ್ತೀನಿ.’